ಬಿಲದೊಳಗೆ ಇರುವವರು ಯಾರು?

(ಮುಂಗಾರಿಗೆ ಮುನ್ನ ನಡೆದ ಕೃಷಿಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಗದ್ದೆಯ ಬದುವಿನಲ್ಲಿ ಬಿಲವೊಂದು ಕಂಡೊಡನೆ ನಾವು ಕೇಳುವುದು ಎರಡೇ ಪ್ರಶ್ನೆ: ಯಾವ ಪಾಷಾಣ ಇಡಬೇಕು, ಎಷ್ಟು ಇಡಬೇಕು? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಒಳಗೆ ಇರುವವರು ಯಾರು? ಇಂದಿನ ನನ್ನ ಮಾತು ಆ ಪ್ರಶ್ನೆಯನ್ನು ಕುರಿತದ್ದು.

ಇಲಿ, ಹೆಗ್ಗಣ, ಅಳಿಲುಗಳೆಲ್ಲ ದಂಶಕವೆಂಬ ಗಣಕ್ಕೆ ಸೇರಿದವು. ಜಗತ್ತಿನ ಸಸ್ತನಿ ಪ್ರಭೇದಗಳಲ್ಲಿ ಶೇಕಡಾ 40ರಷ್ಟು ಈ ಗಣದವೇ. ಮೇಲ್ದವಡೆಯಲ್ಲೊಂದು, ಕೆಳದವಡೆಯಲ್ಲೊಂದು ಜೊತೆ ಬಾಚಿಹಲ್ಲು ಇವುಗಳ ಗುರುತು. ಆ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಗಟ್ಟಿಯಾದ ಲೇಪ ಮುಂಬದಿಗೆ ಮಾತ್ರ ಇರುವುದರಿಂದ ಹಿಂಬದಿ ಬೇಗ ಸವೆದು, ಅಂಚು ಸದಾ ಉಳಿಯಂತೆ ಹರಿತವಾಗಿರುತ್ತದೆ. ಮೊಲಕ್ಕೆ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೊತೆಯಿದೆ. ಆದ್ದರಿಂದ ಅದು ಬೇರೆಯೇ ಗಣ. ಮುಳ್ಳುಹಂದಿ ಹೆಸರಿನಲ್ಲಿ ಹಂದಿ, ಹಲ್ಲಿನಲ್ಲಿ ದಂಶಕ. ನೆಲದಲ್ಲಿ ದೊಡ್ಡ ಬಿಲ ತೋಡಿ ವಾಸಿಸುವ ಪ್ರಾಣಿ. ಉದ್ದ ಮೂತಿಯ, ಕಟುವಾಸನೆಯ ಸೊಂಡಿಲಿಯಾದರೋ ಹೆಸರಿನಲ್ಲಿ ಮಾತ್ರ ಇಲಿ. ಅದರ ಮುಖ್ಯ ಆಹಾರ ಹುಳುಹುಪ್ಪಟೆ. ಇಲಿಯೆಂದು ಅದನ್ನು ಕೊಲ್ಲುವವನು ತನ್ನ ಆಳನ್ನೇ ಕೊಂದಂತೆ.

ಈ ಭೇದಗಳನ್ನು ವಿದೇಶಿ ವಿದ್ವಾಂಸರೇ ನಮಗೆ ತಿಳಿಸಿಕೊಟ್ಟರೆಂದು ಭಾವಿಸಬೇಕಿಲ್ಲ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಈ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಅದರಲ್ಲಿ ಇಲಿಗಳ ಕನ್ನಡ ಹೆಸರುಗಳೂ, ಇಲಿ ಹಿಡಿಯುವುದರಲ್ಲಿ ನಿಪುಣರಾಗಿದ್ದ ವಡ್ಡರ ಸಮುದಾಯದವರು ಬಳಸುತ್ತಿದ್ದ ಹೆಸರುಗಳೂ ದಾಖಲಾಗಿವೆ. ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಪೊದೆವಾಸಿ ಇಲಿಯೊಂದಕ್ಕೆ ಗೊಲುಂಡ ಎಂಬ ಜಾತಿನಾಮವನ್ನು ಕೊಟ್ಟಾಗ ಆಧಾರವಾದದ್ದು ಕನ್ನಡದ ‘ಗುಲಂಡಿ’. ಗದ್ದೆಯ ಚಿಕ್ಕ ಹೆಗ್ಗಣಕ್ಕೆ ಇಲ್ಲಿಯವರ ಬಾಯಲ್ಲಿದ್ದ ‘ಕೊಕ್’ ಎಂಬ ಹೆಸರನ್ನೇ ಅವನು ಇಟ್ಟನು. ಆದರೆ ಅದೇ ಪ್ರಾಣಿಗೆ 1835ರಲ್ಲೇ ಬೆಂಗಾಲೆನ್ಸಿಸ್ ಎಂಬ ಹೆಸರು ಬಿದ್ದಿತ್ತು. ಮೊದಲಿಟ್ಟ ಹೆಸರಿಗೇ ಮನ್ನಣೆಯೆಂಬುದು ವರ್ಗೀಕರಣದ ನಿಯಮವಾದ್ದರಿಂದ ನಮ್ಮ ಕೊಕ್ ಹಿಂದೆ ಸರಿಯಿತು.

ಈ ಚಿಕ್ಕ ಹೆಗ್ಗಣವೇ ಭತ್ತದ ಗದ್ದೆಯ ಮುಖ್ಯ ಬಿಲವಾಸಿ. ಇದರ ಬಿಲಕ್ಕೆ ಹಲವು ಬಾಯಿ. ಬಾಯಿಯ ಬಳಿ ಹಸಿಮಣ್ಣಿನ ಗುಪ್ಪೆ. ವಾಸವಿರುವ ಬಿಲದ ಬಾಯನ್ನು ಅದು ಒಳಗಿನಿಂದ ಮಣ್ಣೊತ್ತಿ ಮುಚ್ಚಿಕೊಳ್ಳುತ್ತದೆ. ಒಳಗೆ ಗೂಡಿನ ಕೋಣೆಯಲ್ಲದೆ ತೆನೆ ಕೂಡಿಡುವ ಕಣಜಗಳೂ ಇರುತ್ತವೆ. ಬಿಲಗಳನ್ನು ಅಗೆದು ವಡ್ಡರು ಆ ಧಾನ್ಯವನ್ನು ತೊಳೆದು ಒಣಗಿಸಿ ಉಣ್ಣುತ್ತಿದ್ದರೆಂದು ಎಲಿಯಟ್ ಬರೆದಿದ್ದಾನೆ. ಬಯಲುಸೀಮೆಯ ಒಣನೆಲದ ‘ಬಿಲ್ಲ ಇಲಿ’ ಇದಕ್ಕಿಂತ ಭಿನ್ನ. ನೀಳವಾದ ಹಿಂಗಾಲು, ತುದಿಯಲ್ಲಿ ಕುಚ್ಚುಳ್ಳ ಬಾಲ ಅದರ ಲಕ್ಷಣ.

ಮಿತ್ರರೇ, ಎಲಿಯಟ್ಟನ ಬರಹದಲ್ಲಿ ನಾವು ಮರೆಯಬಾರದ ಪ್ರಸಂಗವೊಂದಿದೆ. ಎರೆಭೂಮಿಯ ಬಿರುಕುಗಳಲ್ಲಿ ಮೆಟ್ಟಾಡೆ ಎಂಬ ಮೃದುರೋಮದ ಇಲಿ ವಾಸಿಸುತ್ತದೆ. ಜೋರುಮಳೆಗೆ ಬಿರುಕು ಮುಚ್ಚಿ ಅನೇಕ ಇಲಿಗಳು ಸಾಯುತ್ತವೆ. 1826ರಲ್ಲಿ ಮಳೆ ಕ್ಷೀಣಿಸಿತು. ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದವು, ಜೋಳದ ದಂಟನ್ನೇರಿ ತೆನೆ ಕಡಿದವು. ರೈತರು ಧಾನ್ಯದ ಕೂಲಿ ಕೊಟ್ಟು ವಡ್ಡರಿಂದ ಸಾವಿರಾರು ಇಲಿಗಳನ್ನು ಕೊಲ್ಲಿಸಿದರು. ಆದರೂ ಅವುಗಳ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲ. ಮಳೆಯೂ ಆಹಾರವೂ ಅನುಕೂಲವಾಗಿದ್ದಾಗ, ಮೂರು ವಾರದ ಆಸುಪಾಸಿನ ಗರ್ಭಕಾಲವುಳ್ಳ ಜೀವಿಯನ್ನು ಕೊಂದು ಮುಗಿಸುವುದು ಅಸಾಧ್ಯ.

ಇಂದು ನಮ್ಮ ಕೈಯಲ್ಲಿರುವುದು ಗುದ್ದಲಿಯಲ್ಲ, ವಿಷ. ಬ್ರೊಮಾಡಿಯೊಲೋನಿನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ತೂಕಡಿಸುತ್ತ ಬಯಲಿಗೆ ಬರುತ್ತದೆ. ಅದನ್ನು ತಿಂದ ಕಣಜಗೂಬೆಯ ದೇಹಕ್ಕೂ ವಿಷ ಸೇರುತ್ತದೆ. ಇಲಿಯಾದರೋ ಮರುವರ್ಷವೇ ತುಂಬಿಕೊಳ್ಳುತ್ತದೆ. ಗೂಬೆ ಅಷ್ಟು ಬೇಗ ಹಿಂದಿರುಗುವುದಿಲ್ಲ. ಹೀಗೆ ಪ್ರತಿ ವರ್ಷ ವಿಷವಿಡುವ ಗದ್ದೆಯಲ್ಲಿ ಕೊನೆಗುಳಿಯುವುದು ಕಾವಲುಗಾರನಿಲ್ಲದ ಕಣಜ.

ಹಾಗೆಂದು ಬೆಳೆಯನ್ನು ಹೆಗ್ಗಣಕ್ಕೆ ಒಪ್ಪಿಸಿ ಸುಮ್ಮನಿರಿ ಎನ್ನಲಾರೆ. ಫಸಲು ಕಳೆದುಕೊಂಡವನ ನೋವು ಸಣ್ಣದಲ್ಲ. ನಾನು ಕೋರುವುದು ಗುರುತಿಸಿ ಮಾಡುವ ಕೆಲಸವನ್ನು. ಸಂಜೆ ಎಲ್ಲ ಬಿಲಗಳ ಬಾಯಿ ಮುಚ್ಚಿ. ಬೆಳಿಗ್ಗೆ ತೆರೆದಿರುವ ಬಿಲಗಳಲ್ಲಷ್ಟೇ ಜೀವವಿದೆಯೆಂದು ತಿಳಿಯಿರಿ. ಬದುಗಳನ್ನು ಕಿರಿದಾಗಿಡಿ, ಅಗಲವಾದ ಬದುವೇ ಹೆಗ್ಗಣದ ಮನೆ. ತೆನೆ ಕಟ್ಟುವ ಮೊದಲೇ, ಊರಿನವರೆಲ್ಲ ಒಟ್ಟಾಗಿ, ಬಿಲ ಅಗೆಯುವ ಮತ್ತು ಬೋನಿಡುವ ಕೆಲಸ ಮುಗಿಸಿ. ಒಬ್ಬನ ಗದ್ದೆಯಲ್ಲಿ ಮಾತ್ರ ಹಿಡಿದರೆ ನೆರೆಯ ಗದ್ದೆಯಿಂದ ಹೆಗ್ಗಣ ಬಂದೇ ಬರುತ್ತದೆ. ಗೂಬೆ ಕೂರಲು ಗದ್ದೆಯ ನಡುವೆ ಗೂಟ ನೆಡಿ. ಕೇರೆಹಾವನ್ನು ಕಂಡಾಗ ಕೋಲೆತ್ತಬೇಡಿ.

ಹಿಂದಿನವರಿಗೆ ಪ್ರತಿ ಬಿಲದ ಒಡೆಯನಿಗೂ ಒಂದೊಂದು ಹೆಸರಿತ್ತು. ನಾವು ಎಲ್ಲವನ್ನೂ ‘ಇಲಿ’ ಎಂದು ಕರೆದು, ಎಲ್ಲಕ್ಕೂ ಒಂದೇ ವಿಷವನ್ನು ಇಡುತ್ತಿದ್ದೇವೆ. ನಾಳೆ ಬದುವಿನ ಮೇಲೆ ನಡೆಯುವಾಗ ಬಿಲದ ಬಾಯನ್ನೊಮ್ಮೆ ಬಾಗಿ ನೋಡಿ. ಹಸಿಮಣ್ಣಿದೆಯೇ, ಜೇಡರಬಲೆಯಿದೆಯೇ? ಕೈಯಲ್ಲಿರುವ ಪೊಟ್ಟಣವನ್ನು ಬಿಚ್ಚುವ ಮೊದಲು ಅಷ್ಟನ್ನಾದರೂ ನೋಡಬೇಕೆಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.