ರದ್ದಿಯೆಂದವರು ಕಲಿತ ಪಾಠ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಅಮೆರಿಕಕ್ಕೆ ಬಂದ ಹೊಸತರಲ್ಲಿ ಮಕ್ಕಳು ಬೇಸ್‌ಬಾಲ್ ಕಾರ್ಡುಗಳನ್ನು ಕೂಡಿಹಾಕುವುದನ್ನು ಕಂಡು "ಇದೇನು ರದ್ದಿ!" ಎಂದು ನಾವು ಗದರಿಸಿದ್ದುಂಟು. ಮಗ ಕಾಲೇಜಿಗೆ ಹೋದಮೇಲೆ ಆ ಪೆಟ್ಟಿಗೆಯನ್ನು ಬೇಸ್‌ಮೆಂಟಿಗೆ ಸಾಗಿಸಿದೆವು. ಎಷ್ಟೋ ವರ್ಷಗಳ ನಂತರ ತನ್ನ ಮಗಳಿಗೆ ತೋರಿಸಲೆಂದು ಅವನು ತೆರೆದಾಗ ಕಾರ್ಡುಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿದ್ದವು. ಅವನು ನಮ್ಮನ್ನು ಏನೂ ಅನ್ನಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು. ಆಮೇಲೆ ಕೇಳಿ, ಓದಿ ಕಲಿತದ್ದನ್ನು ತಮ್ಮ ಮುಂದಿಡುತ್ತಿದ್ದೇವೆ.

ಸಿರಕ್ಯೂಸಿನ ಜೆಫರ್ಸನ್ ಬರ್ಡಿಕ್ ಧನಿಕರಲ್ಲ. ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ದುಡಿದವರು. ತಾವು ಸಂಗ್ರಹಿಸಿದ ಮೂರು ಲಕ್ಷಕ್ಕೂ ಹೆಚ್ಚು ಮುದ್ರಿತ ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ದಾನವಿತ್ತರು. ಅವುಗಳಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು. ಸಂಧಿವಾತದ ಕೈಗಳಿಂದಲೇ ಅವನ್ನು ಆಲ್ಬಮ್ಮುಗಳಿಗೆ ಅಂಟಿಸುತ್ತ ಬಂದು, 1963ರ ಜನವರಿಯಲ್ಲಿ ಕೆಲಸ ಮುಗಿಸಿ, ಮಾರ್ಚಿನಲ್ಲಿ ತೀರಿಕೊಂಡರು. ಆದರೆ ಅಂಟಿಸುವ ಪದ್ಧತಿಯನ್ನು ಇಂದಿನ ತಜ್ಞರು ಒಪ್ಪುವುದಿಲ್ಲ. ಕಾರ್ಡಿನ ಹಿಂಬದಿ ಮುಚ್ಚಿಹೋಗುತ್ತದೆ. ಬಿಡಿಸಹೋದರೆ ಕಾಗದ ಹರಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ರಬ್ಬರ್ ಬ್ಯಾಂಡು, ಟೇಪು, ಲ್ಯಾಮಿನೇಷನ್ ಬೇಡವೇ ಬೇಡ. ಹೊಸ ರೈನ್‌ಕೋಟಿನ ವಾಸನೆ ಬರುವ ಪಿವಿಸಿ ಹಾಳೆಗಳು ಕಾಲಕ್ರಮದಲ್ಲಿ ಜಿಗುಟಾಗಿ ಮುದ್ರಣವನ್ನು ಕೆಡಿಸುತ್ತವೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಲಕೋಟೆಯಲ್ಲಿಟ್ಟು, ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಬೇಕು. ಬೇಸ್‌ಮೆಂಟಿನ ತೇವವೂ ಅಟ್ಟದ ಸೆಕೆಯೂ ಕಾಗದಕ್ಕೆ ಶತ್ರುಗಳೇ. ನಾವು ವಾಸಿಸುವ ಅಂತಸ್ತಿನ ಒಳಗೋಡೆಯ ಕಪಾಟು ಲೇಸು. ತೇವಾಂಶ ಶೇಕಡ 30ರಿಂದ 50ರೊಳಗೆ ಏರುಪೇರಿಲ್ಲದೆ ಇದ್ದರೆ ಒಳ್ಳೆಯದು.

ಪ್ರದರ್ಶನಕ್ಕಿಟ್ಟಾಗ ದೊಡ್ಡ ಅಪಾಯ ಬೆಳಕಿನದು. ಒಮ್ಮೆ ಮಾಸಿದ ಬಣ್ಣ ಮರಳಿ ಬಾರದು. ಆದ್ದರಿಂದ ಮ್ಯೂಸಿಯಮ್ಮುಗಳು ಇಂಥ ಕಾಗದಕ್ಕೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಕೊಟ್ಟು, ಕೆಲವು ತಿಂಗಳ ನಂತರ ಮತ್ತೆ ಕತ್ತಲೆಯಲ್ಲಿಡುತ್ತವೆ. ನಾವೂ ಗೋಡೆಗೆ ಪ್ರತಿಯನ್ನು ತೂಗುಹಾಕಿ ಮೂಲವನ್ನು ಪೆಟ್ಟಿಗೆಯಲ್ಲಿಡಬಹುದು. ಮೂಲವಿಗ್ರಹ ಗರ್ಭಗುಡಿಯಲ್ಲಿ, ಉತ್ಸವಮೂರ್ತಿ ಬೀದಿಯಲ್ಲಿ ಎಂಬ ಪದ್ಧತಿ ನಮಗೆ ಹೊಸದಲ್ಲವಷ್ಟೆ!

1952ರ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮ ಮಗನ ಕಾರ್ಡುಗಳಿಗೆ ಅಂಥ ಬೆಲೆಯಿರಲಿಲ್ಲ. ಆದರೆ ಅವು ಈ ನೆಲದಲ್ಲಿ ಅವನು ಕಳೆದ ಬಾಲ್ಯದ ಗುರುತುಗಳು. ಅದು ನಮಗೆ ತಡವಾಗಿ ತಿಳಿಯಿತು.

ನಮ್ಮ ಸಂಘದ ಮೊದಲ ವರ್ಷಗಳ ಫೋಟೋಗಳು, ನಾಟಕದ ಕರಪತ್ರಗಳು ಇಂದಿಗೂ ಯಾರ ಯಾರ ಮನೆಯ ಬೇಸ್‌ಮೆಂಟಿನಲ್ಲಿವೆಯೋ! ಈ ವಾರವೇ ದಯವಿಟ್ಟು ಹುಡುಕಿ, ಮೇಲಕ್ಕೆ ತನ್ನಿ. ಮುಂದೊಂದು ದಿನ ಮೊಮ್ಮಕ್ಕಳು ತೆರೆದು ನೋಡಿದಾಗ ನಾವು ತಲೆ ತಗ್ಗಿಸುವಂತಾಗದಿರಲಿ.

ಸಿರಿಗನ್ನಡಂ ಗೆಲ್ಗೆ.