ಕಿವಿ ಕಟ್ಟಿದೆ, ಬಿಡ್ತಾನೇ ಇಲ್ಲ

ಒಂದು ಸಣ್ಣ ಕೆಲಸ ಮಾಡೋಣ. ಇಯರ್‌ಫೋನ್ ಹಾಕ್ಕೊಂಡಿದ್ರೆ ನಾನು ಹೇಳೋದನ್ನ ಪೂರ್ತಿ ಕೇಳಿ, ಆಮೇಲೆ ತೆಗೆದಿಟ್ಟು ಮಾಡಿ. ಬಾಯಿ ಮುಚ್ಚಿಕೊಂಡು ಗಂಟಲಲ್ಲೇ 'ಮ್ಮ್ಮ್' ಅಂತ ಒಂದೇ ಶ್ರುತೀಲಿ ಎಳೀರಿ. ಎಳೀತಾ ಇರುವಾಗಲೇ ಬಲಗಿವಿಯ ತೂತನ್ನ ಬೆರಳಿಂದ ಮುಚ್ಚಿ. ದನಿ ಬಲಕ್ಕೆ ವಾಲಿತು ಅಲ್ವಾ? ಮುಚ್ಚಿದ ಕಿವೀಲಿ ಕಡಿಮೆ ಕೇಳಬೇಕಿತ್ತು, ಜಾಸ್ತಿ ಕೇಳ್ತಿದೆ. ಬಸ್ಸಲ್ಲಿ ಕೂತಿರೋರು ದಯವಿಟ್ಟು ಮನೆಗೆ ಹೋಗಿ ಮಾಡಿ, ಪಕ್ಕದ ಸೀಟಿನವರು ಗಾಬರಿಯಾಗ್ತಾರೆ.

ನಾವು ಗುನುಗಿದಾಗ ಆ ಕಂಪನ ತಲೆಬುರುಡೆಯ ಮೂಳೆ ಹಿಡಿದು ನೇರವಾಗಿ ಎರಡೂ ಒಳಗಿವಿಗೆ ಹೋಗುತ್ತೆ. ಕಿವಿಯ ದಾರಿ ತೆರೆದಿದ್ರೆ ಒಂದಿಷ್ಟು ಸದ್ದು ಅಲ್ಲಿಂದ ಹೊರಗೆ ಸೋರಿಹೋಗುತ್ತೆ. ಮುಚ್ಚಿದ್ರೆ ಒಳಗೇ ಉಳಿಯುತ್ತೆ, ಅದಕ್ಕೇ ಜೋರು. ಇದನ್ನೇ ಟ್ಯೂನಿಂಗ್ ಫೋರ್ಕ್ ಹಣೆ ಮೇಲಿಟ್ಟು ಇಎನ್‌ಟಿ ಡಾಕ್ಟರು ಮಾಡ್ತಾರೆ. ಜರ್ಮನಿಯ ಎರ್ನ್ಸ್ಟ್ ಹೈನ್ರಿಕ್ ವೆಬರ್ 1834ರಲ್ಲಿ ಇದನ್ನ ವಿವರಿಸಿದ, ಪರೀಕ್ಷೆಗೆ ಇವತ್ತಿಗೂ ಅವನದೇ ಹೆಸರು.

ಇದು ಯಾಕೆ ಬೇಕು ಅಂದ್ರೆ, ಕಿವಿಗೆ ದೂರು ಹೇಳೋಕೆ ಹೆಚ್ಚು ದಾರಿಗಳಿಲ್ಲ. ಗುಗ್ಗೆ ತುಂಬಿದ್ರೂ 'ಕಟ್ಟಿದೆ' ಅನ್ಸುತ್ತೆ, ಕಿವಿತಮಟೆಯ ಹಿಂದೆ ನೀರು ನಿಂತ್ರೂ ಹಾಗೇ ಅನ್ಸುತ್ತೆ, ನರ ಸೋತರೂ ಅಷ್ಟೆ. ದವಡೆ ಬಿಗಿದಿದ್ರೂ ಅದೇ ಭಾರ. ನಾವು ಮಾತ್ರ ಎಲ್ಲದಕ್ಕೂ ಮೆಡಿಕಲ್ ಶಾಪಿಗೆ ಹೋಗಿ ಒಂದೇ ಬಾಟಲಿ ಹನಿ ತಂದು ಬಿಟ್ಕೋತೀವಿ. ಇದರಲ್ಲಿ ಒಂದು ಜಾತಿಯದಕ್ಕೆ ಅವಸರ ಬೇಕು, ಉಳಿದ ಮುಕ್ಕಾಲು ಪಾಲಿಗೆ ತಾಳ್ಮೆ ಬೇಕು. ನಮ್ಮಲ್ಲಿ ನಡೆಯೋದು ಸಾಮಾನ್ಯವಾಗಿ ಉಲ್ಟಾ.

ಅವಸರದ್ದು ಮೊದಲು. ಬೆಳಗ್ಗೆ ಎದ್ದರೆ ಒಂದು ಕಿವಿ ಮುಚ್ಚಿಹೋಗಿದೆ. ನೆಗಡಿ ಇಲ್ಲ, ನೋವಿಲ್ಲ. ಗುಂಯ್ ಅಂತಿರಬಹುದು, ಸ್ವಲ್ಪ ತಲೆ ಸುತ್ತಬಹುದು. ಫೋನನ್ನ ಆ ಕಿವಿಗೆ ಹಿಡಿದ್ರೆ ಎದುರಿನವರ ಮಾತು ಒಡಕಲಾಗಿ ಕೇಳುತ್ತೆ. ಗುನುಗಿದ್ರೆ ದನಿ ಮುಚ್ಚಿದ ಕಡೆಗಲ್ಲ, ಚೆನ್ನಾಗಿರೋ ಕಿವಿ ಕಡೆಗೆ ಹೋಗುತ್ತೆ. ಹಾಗಿದ್ರೆ ಅನುಮಾನ ಪಡಬೇಕಾದದ್ದು ನರದ ಮೇಲೆ. ಮೂರು ದಿನದೊಳಗೆ, ಅಂದ್ರೆ 72 ಗಂಟೆಯೊಳಗೆ ಹೀಗೆ ಕಿವುಡು ಬಂದ್ರೆ ಡಾಕ್ಟರು ಇದನ್ನ ತುರ್ತು ಅಂತಲೇ ನೋಡ್ತಾರೆ. ಸ್ಟೆರಾಯ್ಡ್ ಕೊಡೋದಿದ್ರೆ ಎರಡು ವಾರದೊಳಗೆ ಶುರುವಾಗಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಸಕ್ಕರೆ ಕಾಯಿಲೆ ಇದ್ದೋರು ಸ್ಟೆರಾಯ್ಡ್ ಹೆಸರು ಕೇಳಿ ಹೆದರಿ ಹಿಂದೆ ಸರಿಯೋದು ಬೇಡ. ತಮಟೆಯ ಮೂಲಕ ನಡುಗಿವಿಗೇ ಇಂಜೆಕ್ಷನ್ ಕೊಡೋ ಕ್ರಮ ಇದೆ, ಅದರಲ್ಲಿ ರಕ್ತದ ಸಕ್ಕರೆ ಅಷ್ಟಾಗಿ ಏರೋಲ್ಲ. ಬೇಜಾರಿನ ಸಂಗತಿ ಏನಂದ್ರೆ ಎಷ್ಟೋ ಜನ ಈ ಎರಡು ವಾರವನ್ನ 'ಶೀತ ಇರಬೇಕು, ಆವಿ ತಗೋತೀನಿ' ಅಂತ ಕಳೆದುಬಿಡ್ತಾರೆ.

ಗುನುಗೋ ಪರೀಕ್ಷೆ ಒಂದು ಸುಳಿವು ಮಾತ್ರ, ತೀರ್ಪಲ್ಲ. ಎರಡೂ ಕಿವಿ ಒಂದೇ ಥರ ಕಟ್ಟಿದ್ರೆ ಅದು ಏನೂ ಹೇಳೋಲ್ಲ. ಅನುಮಾನ ಬಂದ್ರೆ ಆಡಿಯೋಮೆಟ್ರಿ ಮಾಡಿಸಿ. ಸದ್ದಿಲ್ಲದ ಕೋಣೇಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಕೇಳಿದಾಗೆಲ್ಲ ಕೈ ಎತ್ತು ಅಂತಾರೆ. ನೋವಿಲ್ಲ, ಅರ್ಧ ಗಂಟೇಲಿ ಮುಗಿಯುತ್ತೆ.

ಇನ್ನು ಗುಗ್ಗೆ. ಇದರ ಬಗ್ಗೆ ಉದ್ದ ಮಾತು ಬೇಡ. ಬಡ್ಸ್, ಬೆಂಕಿಕಡ್ಡಿ, ಹೇರ್‌ಪಿನ್ ಎಲ್ಲವೂ ಗುಗ್ಗೆಯನ್ನ ಒಳಕ್ಕೆ ತಳ್ಳೋ ಸಾಧನಗಳು. ದೀಪಾವಳಿ ಎಣ್ಣೆಸ್ನಾನದ ಮಾರನೇ ದಿನ ಕಿವಿ ಕಟ್ಟಿದ್ರೆ ಆಶ್ಚರ್ಯ ಇಲ್ಲ, ಒಳಗಿದ್ದ ಒಣ ಗುಗ್ಗೆ ನೀರು ಕುಡಿದು ಊದಿರುತ್ತೆ. ಮೆತ್ತಗೆ ಮಾಡೋ ಹನಿ ಕೆಲವು ದಿನ ಹಾಕಿ ಡಾಕ್ಟರ ಹತ್ರ ತೆಗೆಸಿದ್ರೆ ಎರಡು ನಿಮಿಷದಲ್ಲಿ ಪ್ರಪಂಚ ಜೋರಾಗುತ್ತೆ. ಅಜ್ಜಿಯ ಬೆಳ್ಳುಳ್ಳಿ ಎಣ್ಣೆ ವಿಷಯಕ್ಕೆ ಅಜ್ಜಿ ಜೊತೆ ಜಗಳ ಆಡಬೇಡಿ, ಆದ್ರೆ ಹಾಕಿಸ್ಕೋಬೇಡಿ. ತಮಟೆಯಲ್ಲಿ ತೂತಿದ್ರೆ ಅದು ನೇರ ಒಳಗೆ ಹೋಗುತ್ತೆ. ಮಳೆಗಾಲದ ಕರಾವಳಿ, ಮಲೆನಾಡಿನ ತೇವದಲ್ಲಿ ಎಣ್ಣೆ ಹಚ್ಚಿದ ಕಿವಿ ಬೂಷ್ಟು ಬೆಳೆಯೋಕೆ ಒಳ್ಳೇ ಜಾಗ. ತುರಿಕೆ, ತುಂಬಿದ ಹಾಗೆ ಭಾರ, ಮಂದ ಶ್ರವಣ ಮೂರೂ ಒಟ್ಟಿಗೆ ಬಂದ್ರೆ ಬೂಷ್ಟನ್ನೂ ನೆನಪಿಟ್ಕೊಳ್ಳಿ.

ಈಗ ನಿಜವಾದ ಪಿರಿಪಿರಿ: ನೆಗಡಿ ಹೋಗಿ ವಾರಗಳಾದ್ರೂ ಬಿಡದ ಕಿವಿ.

ಆಗುಂಬೆ ಇಳಿದಿದೀರಾ? ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿನ ಊರು. ಅಲ್ಲಿ ನೀರು ಕುಡಿದು ಖಾಲಿ ಬಾಟಲಿಗೆ ಬಿರಡೆ ಬಿಗಿದು ಇಟ್ಟು ನೋಡಿ. ತಿರುವುಗಳೆಲ್ಲ ಮುಗಿದು ಸೋಮೇಶ್ವರ ಬರೋ ಹೊತ್ತಿಗೆ ಬಾಟಲಿ ಕೆನ್ನೆ ಒಳಗೆ ಎಳ್ಕೊಂಡಿರುತ್ತೆ. ಹೊರಗಿನ ಗಾಳಿಯ ಒತ್ತಡ ಹೆಚ್ಚಾಯ್ತು, ಒಳಗಿನದು ಬೆಟ್ಟದ ಮೇಲಿನದ್ದೇ ಉಳೀತು. ತಮಟೆಯ ಹಿಂದಿನ ಪುಟ್ಟ ಗಾಳಿಕೋಣೆಗೂ ಆಗೋದು ಇದೇ. ಅದಕ್ಕಿರೋ ಒಂದೇ ದಾರಿ ಯುಸ್ಟೇಷಿಯನ್ ನಾಳ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ, ದೊಡ್ಡವರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ. ವಿಶೇಷ ಏನಂದ್ರೆ ಅದು ಹೆಚ್ಚುಹೊತ್ತು ಮುಚ್ಚೇ ಇರುತ್ತೆ. ನುಂಗಿದಾಗ, ಆಕಳಿಸಿದಾಗ ಅಂಗುಳದ ಸ್ನಾಯು ಎಳೆದು ಕಣ್ಣು ಮಿಟುಕಿಸೋ ಹೊತ್ತು ತೆರೀತದೆ, ಮತ್ತೆ ಮುಚ್ಕೊಳ್ತದೆ. ಘಟ್ಟ ಹತ್ತುವಾಗ ಒಳಗಿನ ಗಾಳಿ ತಾನಾಗೇ ನುಗ್ಗಿ ಹೊರಗೆ ಬರುತ್ತೆ, ತೊಂದರೆ ಕಡಿಮೆ. ಇಳಿಯುವಾಗ ಸ್ನಾಯು ಕೆಲಸ ಮಾಡಿ ಬಾಗಿಲು ತೆಗೀಲೇಬೇಕು. ವಿಮಾನದಲ್ಲಿ ಮಕ್ಕಳು ಏರುವಾಗ ಸುಮ್ಮನಿದ್ದು ಇಳಿಯುವಾಗ ಕಿರುಚೋದೂ ಇದಕ್ಕೇ. ಆಗ ಹಾಲು ಕುಡಿಸಿ, ಅಥವಾ ಏನಾದ್ರೂ ಚೀಪೋಕೆ ಕೊಡಿ. ಮಲಗಿದ್ರೆ ಎಬ್ಬಿಸಿ, ನಿದ್ದೇಲಿ ನುಂಗೋದು ಕಡಿಮೆ.

ನೆಗಡಿ ಬಂದಾಗ ಈ ನಾಳದ ಬಾಯಿ ಊದ್ಕೊಳ್ಳುತ್ತೆ. ಗಾಳಿ ಒಳಗೆ ಬರೋದು ನಿಂತ್ರೂ ನಡುಗಿವಿಯ ಒಳಪೊರೆ ಇದ್ದ ಗಾಳಿಯನ್ನ ಹೀರ್ತಾನೇ ಇರುತ್ತೆ. ಒತ್ತಡ ಇಳೀತದೆ, ತಮಟೆ ಒಳಕ್ಕೆ ಸೆಳ್ಕೊಳ್ತದೆ, ಕೊನೆಗೆ ಪೊರೆಯಿಂದ ನೀರು ಜಿನುಗಿ ಅಲ್ಲೇ ನಿಲ್ತದೆ. ತಮಟೆ ಮತ್ತು ಮೂರು ಪುಟ್ಟ ಮೂಳೆಗಳು ಹೊರಗಿನ ಸದ್ದಿನ ಒತ್ತಡವನ್ನ ಸುಮಾರು 20 ಪಟ್ಟು ಹೆಚ್ಚಿಸಿ ಒಳಗಿವಿಗೆ ಕೊಡೋ ಯಂತ್ರ. ಆ ಯಂತ್ರ ನೀರಲ್ಲಿ ಮುಳುಗಿದ್ರೆ 20ರಿಂದ 30 ಡೆಸಿಬೆಲ್ ಹೋಗಿಬಿಡುತ್ತೆ. ಕಿವುಡು ಅಲ್ಲ, ಆದ್ರೆ ಅಡುಗೆಮನೆಯಿಂದ ಕರೆದದ್ದು ಕೇಳಲ್ಲ. ತನ್ನ ಮಾತು ಮಾತ್ರ ತಲೆಯೊಳಗೆ ಗುಂಡಾಗಿ ಮೊಳಗ್ತಾ ಇರುತ್ತೆ.

ಈ ನೀರು ತಾನಾಗಿ ಇಂಗೋಕೆ ವಾರಗಳು ಬೇಕು. ಮಕ್ಕಳಲ್ಲಿ ಮೂರು ತಿಂಗಳು ಕಾದು ನೋಡಿ, ಆಮೇಲೂ ಉಳಿದು ಕೇಳೋದು ಕಡಿಮೆಯಾಗಿದ್ರೆ ತಮಟೆಗೆ ಗ್ರಾಮೆಟ್ ಅನ್ನೋ ಪುಟ್ಟ ಕೊಳವೆ ಹಾಕೋ ಮಾತು ಬರುತ್ತೆ. ಮೇಷ್ಟ್ರು 'ಹುಡುಗ ಗಮನ ಕೊಡಲ್ಲ' ಅಂತ ದೂರು ಹೇಳಿದಾಗ ಒಂದು ಸಲ ಕಿವಿ ತೋರಿಸಿ ಅಂತ ನಾನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳ್ತೀನಿ. ದೊಡ್ಡವರಿಗೆ ನೆಗಡಿ ಇಲ್ಲದೇ ಒಂದೇ ಕಿವೀಲಿ ನೀರು ನಿಂತು ಹೋಗದೇ ಇದ್ರೆ ಡಾಕ್ಟರು ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಹಾಕಿ ನಾಳದ ಬಾಯಿ ನೋಡ್ತಾರೆ. ಅಲ್ಲಿ ಗಡ್ಡೆ ಇರೋದು ಅಪರೂಪ, ಆದ್ರೆ ನೋಡದೇ ಬಿಡಬಾರದು. ಬೇಡ ಅನ್ನಬೇಡಿ.

ಕಾಯುವಾಗ ಏನು ಮಾಡೋದು? ಎಲ್ಲರಿಗೂ ಗೊತ್ತಿರೋದು ಮೂಗು ಹಿಡಿದು ಉಬ್ಬಿಸೋದು. ಇಟಲಿಯ ಬೊಲೊನ್ಯಾದ ಆಂತೋನಿಯೊ ವಾಲ್ಸಾಲ್ವಾ 1704ರಲ್ಲಿ ಕಿವಿಯ ಬಗ್ಗೆ ಬರೆದ ಪುಸ್ತಕದಲ್ಲಿ ಇದು ಇದೆ, ಅವನು ಹೇಳಿದ್ದು ಕಿವಿಯ ಕೀವು ಹೊರಗೆ ಹಾಕೋಕೆ. ಮೆಲ್ಲಗೆ ಮಾಡಿದ್ರೆ ಸರಿ. ಕೆನ್ನೆ ಕೆಂಪಾಗೋ ಹಾಗೆ ಊದಿದ್ರೆ ಒಳಗಿವಿಗೇ ಪೆಟ್ಟಾಗಬಹುದು, ಮೂಗಲ್ಲಿ ಸಿಂಬಳ ಕಟ್ಟಿದ್ದಾಗ ಅದನ್ನೂ ಕಿವಿಗೆ ಕಳಿಸಿದ ಹಾಗಾಗುತ್ತೆ. ನನಗೆ ಹೆಚ್ಚು ಹಿಡಿಸೋದು ಇನ್ನೊಂದು: ಮೂಗು ಹಿಡಿದು ಒಂದು ಗುಟುಕು ನೀರು ನುಂಗೋದು. ಇದಕ್ಕೆ ಲಂಡನ್ನಿನ ಕಿವಿ ವೈದ್ಯ ಜೋಸೆಫ್ ಟಾಯ್ನ್‌ಬಿಯ ಹೆಸರು. ನಾಳ ಸಾಮಾನ್ಯವಾಗಿ ಮುಚ್ಚೇ ಇರುತ್ತೆ, ನುಂಗಿದಾಗ ತೆರೆಯುತ್ತೆ ಅಂತ ತೋರಿಸಿದವನು. ಪಾಪ, ಕಿವಿಯ ಗುಂಯ್‌ಗುಟ್ಟೋದಕ್ಕೆ ಔಷಧಿ ಹುಡುಕ್ತಾ ಕ್ಲೋರೋಫಾರ್ಮ್ ಆವಿಯನ್ನ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು 1866ರಲ್ಲಿ ತೀರಿಹೋದ.

ಮೂಗು ಬಿಡಿಸೋ ಹನಿಗಳಿವೆಯಲ್ಲ, ಹಾಕಿದ ಕ್ಷಣ ಸ್ವರ್ಗ. ಮೂರು ದಿನ, ಹೆಚ್ಚಂದ್ರೆ ಐದು ದಿನ. ಆಮೇಲೆ ಹನಿ ನಿಲ್ಲಿಸಿದ ಕೂಡಲೇ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತೆ, ಬಾಟಲಿ ಜೇಬಲ್ಲೇ ಉಳೀತದೆ. ಸ್ಟೆರಾಯ್ಡ್ ಸ್ಪ್ರೇ ಬೇರೆ ವಸ್ತು. ಧೂಳು, ಹೂವಿನ ಪರಾಗದ ಅಲರ್ಜಿ ಇರೋರಿಗೆ ಕೆಲವು ವಾರ ಬಿಡದೆ ಹಾಕಿದ್ರೆ ಮೂಗಿಗೆ ಒಳ್ಳೇದು, ಅದರ ಜೊತೆ ಕಿವಿಗೂ. ಅಲರ್ಜಿಯೇ ಇಲ್ಲದವರ ಕಿವಿಯ ನೀರನ್ನ ಅದು ಬೇಗ ಇಂಗಿಸೋದಿಲ್ಲ. ಹಾಕೋ ಕ್ರಮದಲ್ಲೂ ಬಹಳ ಜನ ಎಡವ್ತಾರೆ: ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಎಡಮೂಗಿಗೆ ಬಲಗೈ, ಬಲಮೂಗಿಗೆ ಎಡಗೈ, ತುದಿ ಆಯಾ ಕಡೆಯ ಕಣ್ಣಿನ ಹೊರಮೂಲೆಯ ಕಡೆಗೆ. ಮಧ್ಯದ ಗೋಡೆಗೆ ಹೊಡೆದ್ರೆ ರಕ್ತ ಬರಬಹುದು. ಗಂಟಲಿಗೆ ಇಳಿಯೋ ಹಾಗೆ ಜೋರಾಗಿ ಎಳ್ಕೊಂಡ್ರೆ ಔಷಧಿ ಹೊಟ್ಟೆಗೆ.

ಇದೇ ನಾಳ ಕೆಲವರಲ್ಲಿ ಮುಚ್ಚೋದೇ ಇಲ್ಲ. ಅದೂ ಕಿವಿ ಕಟ್ಟಿದ ಹಾಗೇ ಅನ್ಸುತ್ತೆ, ವಿಚಿತ್ರ. ಗುರುತು ಹಿಡಿಯೋಕೆ ಒಂದು ದಾರಿ: ಅವರಿಗೆ ತಮ್ಮ ಉಸಿರೇ ಕಿವೀಲಿ ಕೇಳುತ್ತೆ, ಮಲಗಿದ ಕೂಡಲೇ ಆರಾಮ ಅನ್ಸುತ್ತೆ. ಬೇಗ ತುಂಬಾ ತೂಕ ಇಳಿಸಿದವರಲ್ಲಿ ಕಾಣ್ತದೆ. ಇವರಿಗೆ ಮೂಗು ಒಣಗಿಸೋ ಔಷಧಿ ಕೊಟ್ಟರೆ ಇನ್ನೂ ಕೆಡುತ್ತೆ. ನೀರು ಚೆನ್ನಾಗಿ ಕುಡಿಯೋದು, ಉಪ್ಪುನೀರಿನ ಹನಿ ಹಾಕ್ಕೊಳ್ಳೋದು ವಾಸಿ.

ಇನ್ನು ಕೆಲವರ ಗೋಳು ಕೇಳೋಕೇ ಬೇಜಾರು. ತಮಟೆಯ ಹಿಂದಿನ ಒತ್ತಡ ಅಳೆಯೋ ಟಿಂಪನೋಮೆಟ್ರಿ ಸರಿ ಇದೆ, ಆಡಿಯೋಗ್ರಾಮ್ ಸರಿ ಇದೆ, 'ಏನೂ ಇಲ್ಲ ಹೋಗಿ' ಅಂತಾರೆ. ಭಾರ ಮಾತ್ರ ಹೋಗಲ್ಲ. ಅಂಥವರು ದವಡೆ ಕೀಲನ್ನ ಒತ್ತಿ ನೋಡಿ, ಅದು ಕಿವಿಯ ಮುಂದೇ ಇದೆ. ಬೆಳಗ್ಗೆ ಎದ್ದಾಗ ದವಡೆ ಸೋತಿದ್ರೆ, ರಾತ್ರಿ ಹಲ್ಲು ಕಡೀತೀರಿ ಅಂತ ಮನೆಯವರು ಹೇಳಿದ್ರೆ ದಂತವೈದ್ಯರ ಹತ್ರ ಹೋಗೋದು ಸರಿಯಾದ ದಾರಿ. ಭಾರ ಬರೋದು ಹೋಗೋದು ಆಗ್ತಾ, ಜೊತೆಗೆ ಗುಂಯ್ ಸದ್ದು, ಗಂಟೆಗಟ್ಟಲೆ ಕೋಣೆಯೇ ತಿರುಗೋ ತಲೆಸುತ್ತು ಇದ್ರೆ ಅದು ಬೇರೆ. ಪ್ಯಾರಿಸ್‌ನ ಪ್ರೊಸ್ಪೆರ್ ಮೆನಿಯೇರ್ 1861ರಲ್ಲಿ ಗುರುತಿಸಿದ ಒಳಗಿವಿಯ ಕಾಯಿಲೆ ಇರಬಹುದು. ಅದಕ್ಕೆ ಇಎನ್‌ಟಿ ಬಳಿ ನಿಯಮಿತವಾಗಿ ಹೋಗಬೇಕು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ ಅಂತಲೂ ಹೇಳ್ತಾರೆ.

ದಿನ ಕಳೆಯೋದಿದೆಯಲ್ಲ, ಅದಕ್ಕೊಂದಿಷ್ಟು. ಒಂದೇ ಕಿವಿ ಮಂದವಾದಾಗ ಸದ್ದು ಯಾವ ದಿಕ್ಕಿಂದ ಬಂತು ಅಂತ ಗೊತ್ತಾಗಲ್ಲ, ದಿಕ್ಕು ಹಿಡಿಯೋಕೆ ಎರಡೂ ಬೇಕು. ರಸ್ತೆ ದಾಟುವಾಗ ಹಾರ್ನ್ ನಂಬಬೇಡಿ, ಎರಡೂ ಕಡೆ ತಿರುಗಿ ನೋಡಿ. ಮೀಟಿಂಗಲ್ಲಿ, ಊಟದ ಪಂಕ್ತೀಲಿ ಮಂದ ಕಿವಿ ಗೋಡೆ ಕಡೆ ಇರೋ ಹಾಗೆ ಕೂರಿ. ಮನೇಲಿ ಒಂದು ಸಲ ಬಾಯಿಬಿಟ್ಟು ಹೇಳಿ: 'ಈ ಕಡೆಯಿಂದ ಮಾತಾಡಿ, ಮುಖ ನೋಡಿ ಮಾತಾಡಿ, ಕಿರುಚಬೇಡಿ.' ಹೇಳದಿದ್ರೆ ನೀವು ಬೇಕಂತಲೇ ಕೇಳಿಸ್ಕೊಳ್ತಿಲ್ಲ ಅಂತ ಮನೆಯವರು ಅಂದ್ಕೊಳ್ತಾರೆ. ರಾತ್ರಿ ಗುಂಯ್ ಅನ್ನೋದು ಕಾಡಿದ್ರೆ ಪೂರ್ತಿ ನಿಶ್ಶಬ್ದ ಬೇಡ, ಫ್ಯಾನ್ ಓಡ್ಲಿ. ಬಿಡ್ತಾ ಇಲ್ವಾ, ಬಿಡ್ತಾ ಇಲ್ವಾ ಅಂತ ಗಂಟೆಗೊಮ್ಮೆ ಊದಿ ನೋಡೋ ಚಟ ಬಿಡಿ, ಅದರಿಂದ ನಾಳ ಇನ್ನಷ್ಟು ಕೆರಳಬಹುದು, ಗಮನವೂ ಅಲ್ಲೇ ಅಂಟ್ಕೊಳ್ತದೆ.

ಡಾಕ್ಟರ ಹತ್ರ ಹೋಗೋ ಮುಂಚೆ ಒಂದು ಚೀಟೀಲಿ ಬರ್ಕೊಳ್ಳಿ. ಯಾವ ಕಿವಿ, ಯಾವತ್ತಿಂದ, ಆಗ ನೆಗಡಿ ಇತ್ತಾ, ಘಟ್ಟ ಅಥವಾ ವಿಮಾನ ಇತ್ತಾ, ತಲೆ ಸುತ್ತುತ್ತಾ, ಗುನುಗಿದ್ರೆ ಯಾವ ಕಡೆ ಹೋಗುತ್ತೆ. ಹತ್ತಿರದಲ್ಲಿ ಪರೀಕ್ಷೆ ಸಿಗದವರಿಗೆ ಮೈಸೂರಿನ ಮಾನಸಗಂಗೋತ್ರೀಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ನಡೀತಿರೋ ಕೇಂದ್ರ ಸರ್ಕಾರದ ಸಂಸ್ಥೆ, ಎಲ್ಲ ಥರದ ಶ್ರವಣ ಪರೀಕ್ಷೆ ಅಲ್ಲಾಗುತ್ತೆ. ಎಲ್ಲೇ ಮಾಡಿಸಿ, ಆಡಿಯೋಗ್ರಾಮ್ ಹಾಳೆ ಕೇಳಿ ತಗೊಳ್ಳಿ, ಬಿಸಾಡಬೇಡಿ. ಮುಂದಿನ ಸಲ ಕಿವಿ ಕಟ್ಟಿದಾಗ ಹೊಸ ಗೆರೆ ಎಷ್ಟು ಕೆಳಗಿಳಿದಿದೆ ಅಂತ ಡಾಕ್ಟರಿಗೆ ಹಳೇ ಗೆರೆ ಪಕ್ಕ ಇಟ್ಟು ನೋಡೋಕಾಗುತ್ತೆ.