ಗೀರು ಮರೆಸುವ ಬಣ್ಣ ಯಾವುದು?

ಶೋರೂಮಿನ ದೀಪಗಳ ಕೆಳಗೆ ಕಪ್ಪು ಕಾರಿಗೆ ಸಾಟಿಯಿಲ್ಲ. ಒಂದು ವರ್ಷ ಬಿಟ್ಟು ಅದೇ ಕಾರನ್ನು ಮಟಮಟ ಮಧ್ಯಾಹ್ನ ನೋಡಬೇಕು. ಬಾನೆಟ್ಟಿನ ಮೇಲೆ ಸೂರ್ಯನ ಬಿಂಬ ಬಿದ್ದ ಕಡೆ, ಅದರ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೀರುಗಳು ಸುತ್ತಿಕೊಂಡಿರುತ್ತವೆ. ಪಕ್ಕದಲ್ಲಿ ನಿಂತ ಅಷ್ಟೇ ಹಳೆಯ ಸಿಲ್ವರ್ ಕಾರಿನ ಮೇಲೆ ಅಂಥದ್ದೇನೂ ಕಾಣದು. ಅದಕ್ಕೆ ಗೀರು ಬಿದ್ದಿಲ್ಲವೆಂದಲ್ಲ; ಬಿದ್ದದ್ದು ಕಾಣುತ್ತಿಲ್ಲ, ಅಷ್ಟೆ.

ಇಂದಿನ ಕಾರಿನ ತಗಡಿಗೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಇವೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿನ ಆರನೇ ಒಂದು ಭಾಗವೂ ಆಗದು. ಒರೆಸುವಾಗ, ತೊಳೆಯುವಾಗ ಆಗುವ ಸುಳಿಗೀರುಗಳೆಲ್ಲ ಬೀಳುವುದು ಆ ಮೇಲಿನ ಪದರದಲ್ಲೇ. ಪದರಕ್ಕೆ ಬಣ್ಣವಿಲ್ಲ, ಹಾಗಾಗಿ ಗೀರಿಗೂ ಬಣ್ಣವಿಲ್ಲ. ಅದರ ಅಂಚು ಬೆಳಕನ್ನು ಚದುರಿಸಿ ಬೆಳ್ಳಗೆ ಮಿನುಗುತ್ತದೆ. ಹಿಂದೆ ಕಪ್ಪಿದ್ದರೆ ಎದ್ದು ಕಾಣುತ್ತದೆ, ಬಿಳಿಯಿದ್ದರೆ ಅದರಲ್ಲೇ ಕರಗಿಹೋಗುತ್ತದೆ.

ಇನ್ನೊಂದು ಸೋಜಿಗವಿದೆ. ಸುತ್ತಿಕೊಂಡಂತೆ ಕಾಣುವ ಈ ಗೀರುಗಳು ದುಂಡಗಿರಲೇಬೇಕೆಂದಿಲ್ಲ. ಅಡ್ಡಾದಿಡ್ಡಿ ಬಿದ್ದವುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಬಿಂಬದ ಸುತ್ತ ವೃತ್ತ ಮೂಡುತ್ತದೆ. ನೋಡುವವರು ಒಂದು ಹೆಜ್ಜೆ ಸರಿದರೆ ಸುಳಿಯೂ ಸರಿಯುತ್ತದೆ. ಮೋಡ ಮುಸುಕಿದ ದಿನ ಹೊಸದರಂತೆ ಕಂಡ ಸೆಕೆಂಡ್ ಹ್ಯಾಂಡ್ ಕಾರಿನ ಮೇಲೆ ಮೊಬೈಲ್ ಟಾರ್ಚ್ ಬಿಟ್ಟರೆ ನಿಜ ಸಂಗತಿ ಹೊರಬೀಳುತ್ತದೆ.

ಸಿಲ್ವರ್ ಗೆಲ್ಲುವುದಕ್ಕೆ ತಿಳಿಬಣ್ಣವೊಂದೇ ಕಾರಣವಲ್ಲ. ಮೆಟಾಲಿಕ್ ಬಣ್ಣದಲ್ಲಿ ಅಲ್ಯುಮಿನಿಯಂನ ಪುಟ್ಟ ಚಕ್ಕೆಗಳಿರುತ್ತವೆ. ಅವು ತಾವೇ ಮಿನುಗುತ್ತಿರುವಾಗ ಗೀರಿನ ಮಿನುಗನ್ನು ಯಾರು ಗಮನಿಸುತ್ತಾರೆ? ಹೀಗಾಗಿ ಸಿಲ್ವರ್ ಮತ್ತು ತಿಳಿ ಬೂದು ಮೆಟಾಲಿಕ್‌ಗೆ ಮೊದಲ ಸ್ಥಾನ, ಬಿಳಿ ಅವುಗಳ ಬೆನ್ನಿಗೇ ಇದೆ. ಕಡುನೀಲಿ, ಮರೂನ್ ಬಹಳ ಹಿಂದೆ. ಮೆಟಾಲಿಕ್ ಅಲ್ಲದ ಅಪ್ಪಟ ಕಪ್ಪು ಎಲ್ಲಕ್ಕಿಂತ ಕೊನೆಗೆ.

ಕಪ್ಪಿನ ಪಾಡು ಅಲ್ಲಿಗೇ ಮುಗಿಯುವುದಿಲ್ಲ. ಅದರ ಮೇಲೆ ಧೂಳೂ ಬೇಗ ಕಾಣುತ್ತದೆ. ಕಂಡಷ್ಟೂ ಒರೆಸುತ್ತಾರೆ, ಒರೆಸಿದಷ್ಟೂ ಗೀರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಾಗುವ ಮೊದಲೇ ಕಾರು ಒರೆಸುವವರು ಬರುತ್ತಾರೆ. ಒಂದು ಬಕೆಟ್, ಒಂದು ಬಟ್ಟೆ, ಸಾಲಾಗಿ ಕಾರುಗಳು. ನಾಲ್ಕೈದು ಕಾರು ಮುಗಿಯುವಷ್ಟರಲ್ಲಿ ನೀರು ಕದಡಿ ಕೆಂಪಾಗಿರುತ್ತದೆ, ಬಟ್ಟೆಯ ಎಳೆಗಳಲ್ಲಿ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ಮರಳಿನಲ್ಲಿರುವ ಸ್ಫಟಿಕಶಿಲೆ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಒರೆಸುವವರನ್ನು ದೂರಿ ಫಲವಿಲ್ಲ. ತಿಂಗಳಿಗೆ ಸಿಗುವ ಪುಡಿಗಾಸಿಗೆ ಪ್ರತಿ ಕಾರಿಗೂ ಹೊಸ ನೀರು ಹಿಡಿಯಲು ಅವರಿಗೆ ಪುರುಸೊತ್ತೆಲ್ಲಿ? ಮೊದಲು ನೀರು ಹೊಯ್ದು ಧೂಳು ಇಳಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ ಮುಟ್ಟಿಸುವ ವ್ಯವಧಾನ ಉಳ್ಳವರಿಗೆ ಮಾತ್ರ ಕಪ್ಪು ಒಗ್ಗುತ್ತದೆ.

ಗೀರೇ ಮಾಯುವ ಲೇಪವೂ ಉಂಟು. ಜಪಾನಿನ ನಿಸ್ಸಾನ್ 2005ರಲ್ಲಿ ಅಂಥದ್ದೊಂದು ಕ್ಲಿಯರ್ ಕೋಟನ್ನು ಪ್ರಕಟಿಸಿತು. ಅದರಲ್ಲಿನ ಹಿಗ್ಗುವ ರಾಳ ಸಣ್ಣ ಗೀರುಗಳನ್ನು ಕೆಲವು ದಿನಗಳಲ್ಲಿ ಮುಚ್ಚುತ್ತದೆ, ಬೆಚ್ಚಗಿದ್ದರೆ ಇನ್ನೂ ಬೇಗ. ಬೀಗದ ಕೈಯಲ್ಲಿ ಗೀಚಿದರೆ ಮಾತ್ರ ಅದೂ ಸೋಲುತ್ತದೆ.

ಆಳದ ಗೀರಿನ ಲೆಕ್ಕವೇ ಬೇರೆ. ಉಗುರು ಎಳೆದಾಗ ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಬಗ್ಗುವುದು ಅನುಮಾನ. ಇಂಥಲ್ಲಿ ಬಿಳಿ ಕಾರು ತಗಡಿನ ಮೇಲೆ ಪಾರಾಗಬಹುದು, ಬಂಪರಿನಲ್ಲಿ ಸಿಕ್ಕಿಬೀಳುತ್ತದೆ. ಒಳಗಿನ ಪ್ಲಾಸ್ಟಿಕ್ ಸಾಮಾನ್ಯವಾಗಿ ಕಪ್ಪು. ಗೋಡೆಗೆ ಉಜ್ಜಿದ ಬಿಳಿ ಬಂಪರಿನ ಮೂಲೆಯಲ್ಲಿ ಕರಿಗೆರೆ ದೂರಕ್ಕೂ ಕಾಣುತ್ತದೆ. ಸಿಲ್ವರ್‌ಗೆ ಇನ್ನೊಂದು ತೊಡಕು: ಮತ್ತೆ ಬಣ್ಣ ಹೊಡೆಸುವಾಗ ಚಕ್ಕೆಗಳು ಮೊದಲಿನ ಹಾಗೆಯೇ ಕೂರದಿದ್ದರೆ ಒಂದು ಬಾಗಿಲು ಉಳಿದವುಗಳಿಗಿಂತ ಮಬ್ಬಾಗಿ ಕಾಣುತ್ತದೆ. ಅದನ್ನು ತಪ್ಪಿಸಲು ಪೇಂಟರ್ ಪಕ್ಕದ ಬಾಗಿಲಿಗೂ ಬಣ್ಣ ಹಾಯಿಸಬೇಕು, ಬಿಲ್ಲೂ ಏರುತ್ತದೆ. ಪರ್ಲ್ ವೈಟ್‌ಗೂ ಇದೇ ಕಷ್ಟ. ಕಿರಿದಾದ ಗಲ್ಲಿಯಲ್ಲಿ ರಾತ್ರಿಯಿಡೀ ಕಾರು ನಿಲ್ಲಿಸುವವರಿಗೆ, ಆಗಾಗ ಗ್ಯಾರೇಜಿಗೆ ಹೋಗುವುದು ತಪ್ಪದೆಂದಾದರೆ, ಸಿಲ್ವರ್‌ಗಿಂತ ಸಾದಾ ಬಿಳಿಯೇ ಅಗ್ಗಕ್ಕೆ ಬೀಳುತ್ತದೆ.